ಭೋಂಗಾ ಆಗೂಮುಂದ

ಮೊನ್ನೆ ಕಾಕೂ ತೀರಿಕೊಂಡ ಸುದ್ದಿ ಫೋನಿಗೆ ಬಂತು. ನಮ್ಮ ಹಳೆಯ ಚಾಳಿನವರ ಮಕ್ಕಳು ಮೊಮ್ಮಕ್ಕಳು ಸೇರಿ ಮಾಡಿಕೊಂಡಿರುವ ಗುಂಪಿನಲ್ಲಿ ಆಕೆಯ ಫೋಟೋ ಹಾಕಿದ್ದರು. ಸುತ್ತ ಚೆಂಡುಹೂವಿನ ಚೌಕಟ್ಟು, ಕೆಳಗೆ ಒಂದು ಸಾಲು: "ಸದಾ ಶಾಂತ ಸ್ವಭಾವದ, ಮೃದುಭಾಷಿಯಾಗಿದ್ದ ನಮ್ಮ ಪ್ರೀತಿಯ ಅಜ್ಜಿ." ಅದರ ಕೆಳಗೆ ಸಾಲಾಗಿ ಮುಗಿದ ಕೈಗಳು.

ಶಾಂತ ಸ್ವಭಾವವಂತೆ. ಮೃದುಭಾಷಿಯಂತೆ. ಓದಿ ನನಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ಕಾಕೂ ಬಾಯಿ ತೆಗೆದರೆ ನಳದ ಹತ್ತಿರ ಮಲಗಿದ್ದ ನಾಯಿ ಎದ್ದು ಬೇರೆ ಜಾಗ ನೋಡಿಕೊಳ್ಳುತ್ತಿತ್ತು. ನೂರರ ಹತ್ತಿರದವರೆಗೆ ಬದುಕಿದ ಆ ಹೆಂಗಸು ಅರ್ಧ ಆಯುಷ್ಯ ಸಿಟ್ಟಿನ ಮೇಲೆಯೇ ಬದುಕಿದಳು, ಆ ಸಿಟ್ಟಿಗೆ ಕಾರಣವೂ ಇತ್ತು. ಹಿಂದೆ ಒಬ್ಬ ಪೋಲೀಸ ಫೌಜದಾರ ಆಕೆಯ ಮಾತನ್ನು ತಿದ್ದಿ ಬರೆದುಕೊಂಡ. ಈಗ ಹೋದ ಮೇಲೆ ಮೊಮ್ಮಕ್ಕಳು ಆಕೆಯನ್ನೇ ತಿದ್ದಿಬಿಟ್ಟರು.

ಅದಕ್ಕೇ ಇದನ್ನು ಬರೆಯಲು ಕೂತೆ. ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತುವ ಕೆಲಸ. ಸೀರೆಗೆ ಅಂಟಿದ ಹುಲ್ಲಿನ ಮುಳ್ಳು ಆರಿಸುವುದು ಇದಕ್ಕಿಂತ ಸುಲಭ. ಈ ಫೋನೂ ಆ ಫೌಜದಾರನ ಪೈಕಿಯದೇ. ಕಾಕೂ ಆಡಿದ ಒಂದು ಮಾತನ್ನು ಎಷ್ಟು ಸಲ ಒತ್ತಿದರೂ ತಾನೇ ತಿದ್ದಿ ಬೇರೆ ಮಾಡಿ ಇಡುತ್ತದೆ. ಆ ಮಾತು ಯಾವುದು, ಅದರಿಂದ ಏನಾಯಿತು ಎಂಬುದನ್ನು ಹೇಳಬೇಕಾದರೆ ಮೊದಲು ಕಾಕೂ ಎಂಥವಳು ಎಂದು ಹೇಳಬೇಕು.

ದಾಂಡೇಲಿಯಲ್ಲಿ ಕಾಗದದ ಮಿಲ್ಲು ಇನ್ನೂ ಹೊಸತು. ಬೆಳಗಾವಿ, ಧಾರವಾಡದ ಕಡೆಯಿಂದ ಜನ ಬಂದು ಚಾಳುಗಳಲ್ಲಿ ತುಂಬಿಕೊಂಡಿದ್ದರು. ನಾನು ಸಾಂಬ್ರಾಣಿಯಿಂದ ಮದುವೆಯಾಗಿ ಬಂದವಳು. ಕಾಕೂ ಮುಂಡಗೋಡದ ಕಡೆಯವಳು, ನನಗಿಂತ ಹದಿನೈದು ವರ್ಷ ದೊಡ್ಡವಳಿರಬೇಕು. ಕುಳ್ಳಗೆ, ಗುಂಡಗೆ, ಹಣೆಯ ಮೇಲೆ ಅಡ್ಡ ವಿಭೂತಿ, ಸೀರೆಯ ಸೆರಗು ಯಾವಾಗಲೂ ಸೊಂಟಕ್ಕೆ ಸಿಕ್ಕಿಸಿದ್ದೇ. ಮಾತಾಡುವಾಗ ಪ್ರತಿ ಮಾತಿನ ಕೊನೆಗೆ ಬಲಗೈಯಿಂದ ಎಡ ಅಂಗೈಗೆ ಒಂದು ಪೆಟ್ಟು ಹಾಕುತ್ತಿದ್ದಳು. ಆಕೆಯ ಗಂಡ ಬಾಯ್ಲರಿನ ಕಡೆ ದುಡಿದು ದುಡಿದು ಅರ್ಧ ಕಿವುಡರಾಗಿದ್ದರು. ಅದು ಶಿವ ಅವರಿಗೆ ತಿಳಿದೇ ಕೊಟ್ಟ ವರ ಎಂದು ನಾವು ಹೆಂಗಸರು ನಗುತ್ತಿದ್ದೆವು.

ನಾನು ಬಂದ ಹೊಸತರಲ್ಲಿ ನಳದ ಮುಂದೆ ಕೊಡ ಹಿಡಿದು ಸುಮ್ಮನೆ ನಿಲ್ಲುತ್ತಿದ್ದೆ. ನನ್ನ ಪಾಳಿ ಬಂದರೂ ಬೇರೆಯವರು ಹಿಡಿದುಕೊಂಡು ಹೋಗುತ್ತಿದ್ದರು. ಒಂದು ದಿನ ಕಾಕೂ ನನ್ನ ಕೊಡ ಕಸಿದು ನಳದ ಕೆಳಗಿಟ್ಟಳು.

"ಯಾವೂರವ್ವಾ ನಿಂದು?"

"ಸಾಂಬ್ರಾಣಿರಿ."

"ಹೌದ ಮತ್ತ. ಬರೇ ಹೊಗಿ ಅದಿ ನೀನು. ಬೆಂಕಿ ಎಲ್ಲೈತಿ?"

ಅಂದಿನಿಂದ ಕೊನೆಯವರೆಗೂ ನನ್ನನ್ನು ಹೆಸರಿನಿಂದ ಕರೆಯಲೇ ಇಲ್ಲ. ಸಾಂಬ್ರಾಣಿ ಎಂದೇ ಕರೆದಳು.

ಆಕೆಗೆ ಒಂದು ಚಟವಿತ್ತು. ಯಾರಾದರೂ ಆಕೆ ಆಡಿದ ಮಾತನ್ನು ಇನ್ನೊಬ್ಬರ ಹತ್ತಿರ ಒಂದಿಷ್ಟು ಬದಲಿಸಿ ಹೇಳಿದರೆ ಸಹಿಸುತ್ತಿರಲಿಲ್ಲ. ಒಮ್ಮೆ ನಾನು ನನ್ನ ಅತ್ತೆಗೆ "ಪಲ್ಲೆಕ್ಕ ಉಪ್ಪು ಕಡಿಮಿ ಅಂದ್ರು ಕಾಕೂ" ಎಂದೆ. ಅದು ಹೇಗೋ ಆಕೆಯ ಕಿವಿಗೆ ಬಿತ್ತು. ಒಲೆಯ ಮೇಲಿನ ರೊಟ್ಟಿ ಬಿಟ್ಟು ಹಿಟ್ಟಿನ ಕೈಯಲ್ಲೇ ಬಂದಳು.

"ನಾ ಹಂಗ ಅಂದಿಲ್ಲ. ನಾ ಅಂದದ್ದು, ಉಪ್ಪು ಹಾಕೀಯೇನವಾ ಅಂತ. ಕಡಿಮಿ ಅಂದ್ರ ತೆಗಳಿಧಂಗ ಆತು. ಹಾಕೀಯೇನ ಅಂದ್ರ ಕೇಳಿಧಂಗ ಆತು. ಎರಡೂ ಒಂದ ಏನು?"

ನಾ ಹಂಗ ಅಂದಿಲ್ಲ. ಚಾಳಿನ ಮಕ್ಕಳು ಆಕೆಯ ಬೆನ್ನ ಹಿಂದೆ ಅಂಗೈಗೆ ಪೆಟ್ಟು ಹಾಕಿಕೊಂಡು ಇದನ್ನೇ ಅಣಕಿಸುತ್ತಿದ್ದವು. ಅಣಕದಲ್ಲಿ ತಪ್ಪಾದರೆ ಆಕೆ ಅದನ್ನೂ ತಿದ್ದುತ್ತಿದ್ದಳು.

ಕಾಕೂನ ಮನೆಯ ಪಕ್ಕದ ಮನೆ ಶೇವಂತಿಯದು. ಎರಡೂ ಮನೆಗಳ ಹಿತ್ತಲಿನ ನಡುವೆ ಎದೆಮಟ್ಟದ ಒಂದು ಗೋಡೆ. ಶೇವಂತಿ ಜೋಯಿಡಾದ ಕಾಡಿನೊಳಗಿನ ಹುಡುಗಿ, ಮನೆಮಾತು ಕೊಂಕಣಿ. ಆಕೆಗೆ ಬರುತ್ತಿದ್ದ ಕನ್ನಡವೆಲ್ಲ ಕಾಕೂ ಬೈದು ಬೈದು ಕಲಿಸಿದ್ದು. ಶೇವಂತಿಯ ಕೋಳಿ ಗೋಡೆ ಹಾರಿ ಬಂದು ಕಾಕೂನ ಮೆಂತೆಯ ಮಡಿ ಕೆದರಿದರೆ ಸಾಕು, ಶುರುವಾಗುತ್ತಿತ್ತು: "ನಿನ್ನ ಹೆಣಾ ಎತ್ತಲಿ ಶೇವಂತಿ, ಹಿಡಕೋ ನಿನ್ನ ಕೋಳೀನ." ಶೇವಂತಿ ನಗುತ್ತ ಬಂದು ಕೋಳಿ ಹಿಡಿಯುತ್ತ, ಅದಕ್ಕೆ ಅದೇ ಮಾತು ಹೇಳುತ್ತಿದ್ದಳು, "ನಿನ್ನ ಹೆಣಾ ಎತ್ತಲಿ." ಅದು ಮುದ್ದಿನ ಮಾತೆಂದೇ ಆಕೆ ತಿಳಿದಿದ್ದಳು. ನಮ್ಮ ಕಡೆ ಅದು ಬೈಗುಳವೂ ಹೌದು, ಮುದ್ದೂ ಹೌದು.

ಇಬ್ಬರೂ ಗೆಳತಿಯರಾಗಿದ್ದರು ಎಂದು ನಾನು ಬರೆಯುವುದಿಲ್ಲ. ಬರೆದರೆ ಕಾಕೂ ಎದ್ದು ಬರುತ್ತಾಳೆ. ದಿನಾ ಜಗಳ. ಆದರೆ ದಿನಾ ಆ ಗೋಡೆಯ ಮೇಲಿನಿಂದ ಹೆಪ್ಪೂ ದಾಟುತ್ತಿತ್ತು. ಶೇವಂತಿಗೆ ಮೊಸರು ಹೆಪ್ಪು ಉಳಿಸಿಕೊಳ್ಳುವ ಹದವೇ ಸಿಕ್ಕಿರಲಿಲ್ಲ, ಇದ್ದದ್ದನ್ನೆಲ್ಲ ಗಂಡನಿಗೆ ಬಡಿಸಿಬಿಡುತ್ತಿದ್ದಳು. ಹಾಲು ಕಾಯಿಸಿಟ್ಟು, ಗೋಡೆಯ ಹತ್ತಿರ ಬಂದು ನಿಲ್ಲುತ್ತಿದ್ದಳು. ಕಾಕೂ ಒಂದು ಸಣ್ಣ ಹಿತ್ತಾಳೆ ಬಟ್ಟಲಿನಲ್ಲಿ ಚಮಚೆಯಷ್ಟು ಮೊಸರು ಹಾಕಿ ಕೊಡುತ್ತಿದ್ದಳು. "ನಾಳೆ ಬಟ್ಟಲಾ ತೊಳದು ಕೊಡು," ಎಂದು ಗದರಿಸಿ.

ಶೇವಂತಿಯ ಗಂಡ ಬಿದಿರಿನ ಯಾರ್ಡಿನಲ್ಲಿ ಮುಕಾದಮ. ಚಾಳಿನ ಅರ್ಧ ಗಂಡಸರು ಅವನ ಕೈಕೆಳಗಿನವರು, ನಮ್ಮವರೂ. ಅವನು ಹೆಂಡತಿಯ ಮೇಲೆ ಕೈ ಮಾಡುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿದ್ದುದರಿಂದಲೇ ಯಾರೂ ಮಾತಾಡುತ್ತಿರಲಿಲ್ಲ.

ನಮ್ಮ ಚಾಳಿಗೆ ಗಡಿಯಾರ ಬೇಕಾಗಿರಲಿಲ್ಲ, ಭೋಂಗಾ ಇತ್ತು. ಪಾಳಿ ಶುರುವಾಗುವುದಕ್ಕೆ ಸ್ವಲ್ಪ ಮೊದಲು ಮಿಲ್ಲಿನ ಭೋಂಗಾ ಕೂಗುತ್ತಿತ್ತು. ಕೂಗುವಾಗ ಪಕ್ಕದಲ್ಲಿ ನಿಂತವರ ಮಾತೂ ಕೇಳುತ್ತಿರಲಿಲ್ಲ. ಅದನ್ನು ಕೇಳಿ ಗಂಡಸರು ಮನೆ ಬಿಡುತ್ತಿದ್ದರು. ಅಂದರೆ ಭೋಂಗಾಕ್ಕಿಂತ ಮೊದಲು ಮುಕಾದಮನೂ ಸೇರಿ ಎರಡನೇ ಪಾಳಿಯವರೆಲ್ಲ ಮನೆಯಲ್ಲಿ, ಭೋಂಗಾ ಆದ ಮೇಲೆ ಎಲ್ಲರೂ ದಾರಿಯಲ್ಲಿ, ಆಮೇಲೆ ನಡುರಾತ್ರಿಯವರೆಗೆ ಮಿಲ್ಲಿನ ಒಳಗೆ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಒಂದು ಜೀವದ ಲೆಕ್ಕ ಇದರ ಮೇಲೆಯೇ ನಿಂತಿತ್ತು.

ನಾನು ಮೊದಲ ಪಂಚಮಿಗೆಂದು ತವರಿಗೆ ಹೋಗಿದ್ದೆ. ಉಂಡೆಯ ಡಬ್ಬಿ ಹೊತ್ತು ತಿರುಗಿ ಬಂದಾಗ ಶೇವಂತಿಯ ಮನೆಯ ಬಾಗಿಲು ಹಾಕಿತ್ತು. ಆಕೆಯೂ ಪಂಚಮಿಗೆ ತವರಿಗೆ ಹೋಗಿದ್ದಾಳೆ ಎಂದು ಅವಳ ಗಂಡ ಹೇಳಿದ್ದ. ಚಾಳಿನ ಹೆಂಗಸರೆಲ್ಲ ಸಲೀಸಾಗಿ ನಂಬಿದ್ದರು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗದೆ ಇನ್ನೆಲ್ಲಿ ಹೋಗುತ್ತಾರೆ? ನಾನು ಉಂಡೆ ಕೊಡಲು ಹೋದಾಗ ಕಾಕೂ ಡಬ್ಬಿ ಪಕ್ಕಕ್ಕಿಟ್ಟು ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು.

"ಪಂಚಮಿಗೆ ತವರಿಗೆ ಹೋಗೂದು ನಮ್ಮ ಮಂದಿ, ಸಾಂಬ್ರಾಣಿ. ಅವರ ಕಡೆ ಚೌತಿಗೆ ಹೋಗ್ತಾರ. ಅಕೀನ ನನಗ ಹೇಳಿದ್ಲು, ಚೌತಿಗೆ ಅಪ್ಪ ಕರಿಯಾಕ ಬರ್ತಾನು ಅಂತ."

"ಹಂಗಾರ ಎಲ್ಲಿಗೆ ಹೋಗ್ಯಾಳ್ರೀ?"

"ಅದನ್ನ ಕೇಳಾಕ್ಹತ್ತೇನಿ ನಾನೂ. ಅವತ್ತ ಭೋಂಗಾ ಆಗೂಮುಂದ ಬಂದು ಹೆಪ್ಪು ಇಸಗೊಂಡ್ಲು. ಒಳಗ ಹೋದ್ಲು. ಅಂವ ಒಳಗ ಒದರಾಕ್ಹತ್ತಿದ್ದ. ಏನೋ ಧಡ್ ಅಂತು. ಅಷ್ಟರಾಗ ಭೋಂಗಾ ಕೂಗ್ತು. ಅದು ನಿಂತ ಮ್ಯಾಲೆ ಅಂವ ಒಬ್ಬನ ಹೊರಗ ಬಂದ, ಬಾಗಲಾ ಮುಂದ ಮಾಡಿಕೊಂಡು ಹೋದ. ಅಕೀ ದನಿ ಆಮ್ಯಾಲೆ ನಾ ಕೇಳಿಲ್ಲ."

ಮರುದಿನ ಶೇವಂತಿ ಊರಿಗೆ ಹೋದಳೆಂದು ಕೇಳಿ ಕಾಕೂಗೆ ಮೊದಲು ಬಂದದ್ದು ಬಟ್ಟಲಿನ ಸಿಟ್ಟು. ನನ್ನ ಬಟ್ಟಲು ಕೊಡದೆ ಹೋದಳಲ್ಲ ಎಂದು ಗೊಣಗುತ್ತ, ಅವನು ಮಿಲ್ಲಿಗೆ ಹೋದ ಮೇಲೆ ತಾನೇ ಹೋಗಿ ತರಲೆಂದು ಅವರ ಅಡಿಗೆಮನೆಗೆ ನುಗ್ಗಿದಳು. ಬಟ್ಟಲು ಒಲೆಯ ಪಕ್ಕದಲ್ಲಿತ್ತು. ಅದರಲ್ಲಿ ಹೆಪ್ಪು ಕೊಟ್ಟ ಹಾಗೆಯೇ ಇತ್ತು. ಕಾಯಿಸಿಟ್ಟ ಹಾಲು ಪಾತ್ರೆಯಲ್ಲಿ ಒಡೆದು ನಾತ ಬಂದಿತ್ತು.

"ಹಾಲು ಉಗುರುಬೆಚ್ಚಗ ಆಗೂಮಟ ಕಾಯಬೇಕು, ಹೆಪ್ಪು ಹಾಕಬೇಕು," ಎಂದಳು ಕಾಕೂ. "ಅಷ್ಟ ಹೊತ್ತೂ ಅಕಿ ಇದ್ದಿಲ್ಲ."

ಜೀವನದಲ್ಲಿ ಮೊದಲ ಸಲ ಕಾಕೂ ತನ್ನ ಸಾಮಾನನ್ನು ಇನ್ನೊಬ್ಬರ ಮನೆಯಲ್ಲೇ ಬಿಟ್ಟು ಬಂದಿದ್ದಳು. ಮುಟ್ಟಬಾರದು ಎಂದು ಯಾರೂ ಆಕೆಗೆ ಹೇಳಿರಲಿಲ್ಲ.

ಕಟ್ಟಿಗೆ ಲಾರಿಯವನೊಬ್ಬನ ಕೈಯಲ್ಲಿ ಆಕೆಯೇ ಜೋಯಿಡಾದ ಕಡೆಗೆ ಮಾತು ಕಳಿಸಿದಳು. ಶೇವಂತಿಯ ಅಪ್ಪ ಕಂಬಳಿ ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಬಂದ. ಮಗಳು ತವರಿಗೆ ಬಂದೇ ಇರಲಿಲ್ಲ. ಅವನಿಗೆ ಕನ್ನಡ ಬಾರದು, ಕಾಕೂಗೆ ಕೊಂಕಣಿ ಬಾರದು. ಅವನು "ಖಂಯ್?" ಎಂದು ಕೇಳಿದ. ಎಲ್ಲಿ ಎಂದು. ಅದೊಂದೇ ಮಾತು. ಕಾಕೂ ಅವನಿಗೆ ರೊಟ್ಟಿ ಹಾಕಿ, ತಿಂದು ಮುಗಿಸುವವರೆಗೆ ಎದುರಿಗೆ ಕೂತಿದ್ದು, ಆಮೇಲೆ ಕೈ ಹಿಡಿದು ಪೋಲೀಸು ಠಾಣೆಗೆ ಕರೆದುಕೊಂಡು ಹೋದಳು. ಚಾಳಿನ ಒಬ್ಬ ಗಂಡಸೂ ಹಿಂದೆ ಹೋಗಲಿಲ್ಲ. ನಮ್ಮವರು ನನಗೆ "ನೀ ಬಾಗಲದಾಗ ನಿಂದರಬ್ಯಾಡ" ಎಂದರು. ಮುಕಾದಮ ಯಾರು ನಿಂತಿದ್ದರೆಂದು ನೋಡಿಕೊಳ್ಳುತ್ತಾನೆ ಎಂಬ ಹೆದರಿಕೆ. ಆ ಹೆದರಿಕೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನಮ್ಮವರು ಈಗ ಇಲ್ಲ; ಇದ್ದಿದ್ದರೆ ಇದನ್ನು ಅವರಿಗೇ ಓದಿ ಹೇಳುತ್ತಿದ್ದೆ.

ಫೌಜದಾರ ಹೊಸಬ. ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಆ ಕಡೆಯಿಂದ ಸಾಹೇಬರು ಬರತೊಡಗಿದ್ದರು. ಅವನು ಕೆಟ್ಟವನಾಗಿದ್ದರೆ ನನಗೆ ಇಷ್ಟು ಸಿಟ್ಟು ಇರುತ್ತಿರಲಿಲ್ಲ. ಲಂಚ ತಿಂದನೆಂದು ಬೈದು ಸುಮ್ಮನಾಗುತ್ತಿದ್ದೆ. ಅವನು ಬಹಳ ನಯದ ಮನುಷ್ಯ. ಚಾಳಿಗೇ ಬಂದು, ಕಾಕೂನ ಕಟ್ಟೆಯ ಮೇಲೆ ಕೂತು, ಆಕೆಯ ಜಬಾನಿ, ಅಂದರೆ ಸಾಕ್ಷಿಯ ಹೇಳಿಕೆ, ಬರೆದುಕೊಂಡ. ನಾನು ಕಾಕೂನ ಪಕ್ಕದಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಬಾಗಿಲಲ್ಲಿ ನಿಲ್ಲಬೇಡ ಅಂದಿದ್ದರು, ಕಟ್ಟೆಯ ಮೇಲೆ ಬೇಡ ಅಂದಿರಲಿಲ್ಲ.

"ಹೇಳಿ ತಾಯಿ, ನಿಧಾನವಾಗಿ ಹೇಳಿ. ಆಕೆ ಯಾವಾಗ ಬಂದಳು?"

"ಭೋಂಗಾ ಆಗೂಮುಂದರಿ."

"ಭೋಂಗಾ ಅಂದರೆ?"

"ಮಿಲ್ಲಿಂದರೀ. ಭೋಂ ಅಂತ ಒದರೂದಿಲ್ಲಾ?"

"ಓ, ಸೈರನ್. ಸೈರನ್ ಆದ ಮುಂದೆ. ಸರಿ."

ಕಾಕೂ ಹೇಳುತ್ತ ಹೋದಳು, ಅವನು ಬರೆಯುತ್ತ ಹೋದ. ಕೊನೆಗೆ ಓದಿ ಹೇಳಿದ. ಅವನ ಓದು ಪುರಾಣ ಓದಿದ ಹಾಗಿತ್ತು. "ಸೈರನ್ ಆದ ತದನಂತರ ಸದರಿ ಶೇವಂತಿಯು ಬಂದು ಹೆಪ್ಪನ್ನು ಪಡೆದುಕೊಂಡು" ಎಂದೇನೋ ಇತ್ತು. ಕಾಕೂ ಕೈ ಕಟ್ಟಿಕೊಂಡು ಕೇಳಿದಳು. ತದನಂತರ ಎಂಬ ಮಾತು ಆಕೆ ಹುಟ್ಟಿದ ಮೇಲೆ ಮೊದಲ ಸಲ ಕೇಳಿದ್ದು. ಸಾಹೇಬರು ತನ್ನ ಮಾತಿಗೆ ಒಳ್ಳೆ ಸೀರೆ ಉಡಿಸಿದ್ದಾರೆ ಎಂದುಕೊಂಡಳು.

"ಭಾಷೆ ಸ್ವಲ್ಪ ಸರಿ ಮಾಡಿ ಬರೆದಿದ್ದೇನೆ ತಾಯಿ. ಆಗಬಹುದಾ?"

ಕಾಕೂ ಗೋಣು ಹಾಕಿದಳು. ಯಾರಿಗೂ ಎಂದೂ ಗೋಣು ಹಾಕದ ಹೆಂಗಸು, ಆ ಒಂದು ಸಲ ಹಾಕಿದಳು.

ಇದನ್ನು ಓದುತ್ತಿರುವವರಲ್ಲಿ ಮೈಸೂರು ಕಡೆಯವರಿದ್ದರೆ ಅವರಿಗಾಗಿ ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ಹೋಗೂಮುಂದ ಅಂದರೆ ಹೋಗುವ ಹೊತ್ತಿಗೆ, ಇನ್ನೇನು ಹೊರಡಬೇಕು ಅನ್ನುವಾಗ. ಉಣ್ಣೂಮುಂದ ಅಂದರೆ ಉಣ್ಣಲು ಕೂರುವಾಗ. ಭೋಂಗಾ ಆಗೂಮುಂದ ಅಂದರೆ ಇನ್ನೇನು ಭೋಂಗಾ ಆಗಬೇಕು, ಆಗಿಲ್ಲ. ಅದನ್ನು ಅವನು ಆದ ಮೇಲೆ ಎಂದು ಬರೆದ. ಅಲ್ಲಿಗೆ ಶೇವಂತಿ ಭೋಂಗಾ ಆದ ಮೇಲೂ ಜೀವಂತ ಇದ್ದಳು, ಗಂಡ ಮಿಲ್ಲಿನಲ್ಲಿದ್ದ, ನೂರಾರು ಜನ ಅವನನ್ನು ನೋಡಿದ್ದರು. ಒಂದು ಮಾತಿನಿಂದ ಫೌಜದಾರ ಆ ಗಂಡನನ್ನು ಮನೆಯಿಂದ ಹೊರಗೆ ದಾಟಿಸಿಬಿಟ್ಟಿದ್ದ, ಅದೂ ಕಾಕೂನ ಬಾಯಿಯಿಂದಲೇ.

ಪಂಚನಾಮೆಗೆ ಶೇವಂತಿಯ ಅಡಿಗೆಮನೆಗೆ ಹೊಕ್ಕರು. ಕಾಕೂ ಹೊರಗಿನಿಂದ "ಹಾಲು ನೋಡ್ರಿ, ಹೆಪ್ಪು ನೋಡ್ರಿ" ಎಂದು ಒದರುತ್ತಿದ್ದಳು. ಸ್ವಲ್ಪ ಹೊತ್ತಿಗೆ ಒಬ್ಬ ಪೋಲೀಸ ಹೊರಗೆ ಬಂದು ತೊಳೆದ ಬಟ್ಟಲನ್ನು ಆಕೆಯ ಕೈಗೆ ಕೊಟ್ಟ.

"ತಗೊಳ್ರಿ ಅಕ್ಕಾರ, ನಿಮ್ಮ ಬಟ್ಟಲಾ ಅಂತಲ್ಲ. ಹಾಲು ಭಾಳ ನಾರಾಕ್ಹತ್ತಿತ್ತು, ಚೆಲ್ಲಿ ಬಿಟ್ಟೆ."

ಪಾಪ, ಉಪಕಾರ ಮಾಡಿದೆ ಎಂದುಕೊಂಡಿದ್ದ. ಕಾಕೂ ಆ ಬಟ್ಟಲಿನಲ್ಲಿ ಮತ್ತೆ ಮೊಸರು ಹಾಕಲಿಲ್ಲ.

ಹೆಣ ಸಿಗಲಿಲ್ಲ. ಕಾಳಿ ನದಿ ಆಗ ಎರಡೂ ದಂಡೆ ತುಂಬಿ ಹರಿಯುತ್ತಿತ್ತು, ಚಾಳಿನಿಂದ ದೂರವೇನಲ್ಲ. ಅದರೊಳಗಿನ ಮೊಸಳೆಗಳನ್ನು ಯಾವ ಕೋರ್ಟೂ ಸಾಕ್ಷಿಗೆ ಕರೆಯುವುದಿಲ್ಲ. ಅಪ್ಪನ ದೂರು, ಚೌತಿಯ ಮಾತು, ಹಿಂದಿನ ಹೊಡೆತಗಳು, ಇಷ್ಟರ ಮೇಲೆ ಗಂಡನನ್ನು ಹಿಡಿದರು. ಪ್ರಕರಣ ದೊಡ್ಡ ಕೋರ್ಟಿಗೆ ಹೋಗಬೇಕೋ ಬೇಡವೋ ಎಂದು ಮೊದಲು ಸಣ್ಣ ಕೋರ್ಟಿನಲ್ಲಿ ವಿಚಾರಣೆ. ನೋಡಿದೆ ಎನ್ನುವ ಸಾಕ್ಷಿ ಒಬ್ಬಳೇ, ಕಾಕೂ. ಆಕೆ ನನ್ನನ್ನು ಜೊತೆಗೆ ಕರೆದಳು. ಅತ್ತೆಗೆ ಹಲ್ಲುನೋವಿನ ನೆಪ ಹೇಳಿ ಬಸ್ಸು ಹತ್ತಿದೆ. ತಿರುಗಿ ಬಂದಾಗ ಯಾವ ಹಲ್ಲು ಎಂದು ಕೇಳಿದರು, ಬಲಗಡೆಯದು ತೋರಿಸಿದ್ದು ಮರೆತು ಎಡಗಡೆಯದು ತೋರಿಸಿದೆ. ಅದು ಬೇರೆ ಕತೆ.

ಮುಕಾದಮನ ವಕೀಲ ಧಾರವಾಡದ ಕಡೆಯವನು. ಮಾತಿನ ವಾಸನೆಯಿಂದಲೇ ಗೊತ್ತಾಗುತ್ತಿತ್ತು. ಆದರೆ ನ್ಯಾಯಾಧೀಶರು ಮೈಸೂರು ಕಡೆಯವರೆಂದು ತಿಳಿದು ಒಳಗೆ ಪುಸ್ತಕದ ಕನ್ನಡವನ್ನೇ ಆಡಿದ.

"ಸೈರನ್ ಆದ ತದನಂತರ ಶೇವಂತಿ ನಿಮ್ಮಲ್ಲಿಗೆ ಬಂದಳೆಂದು ಪೋಲೀಸರೆದುರು ಹೇಳಿದಿರಿ. ಹೌದೋ ಅಲ್ಲವೋ?"

ತದನಂತರ ಅಂದರೆ ಏನೆಂದು ಕಾಕೂಗೆ ಅಷ್ಟರಲ್ಲಿ ಯಾರೋ ಹೇಳಿದ್ದರು. ಆಕೆ ಅಂಗೈಗೆ ಪೆಟ್ಟು ಹಾಕಿದಳು.

"ನಾ ಹಂಗ ಅಂದಿಲ್ಲ. ನಾ ಅಂದದ್ದು, ಭೋಂಗಾ ಆಗೂಮುಂದ."

"ಮುಂದೆ ಎಂದಿರಿ."

"ಮುಂದ ಅಂದೆ."

"ಸ್ವಾಮಿ, ಮುಂದೆ ಎಂದರೆ ಆಮೇಲೆ ಎಂದೇ ಅರ್ಥ," ಎಂದು ಅವನು ಮೇಲೆ ನೋಡಿದ. ನ್ಯಾಯಾಧೀಶರು ತಲೆಯಾಡಿಸಿದರು. ಅವರೂ ಸಮಾಧಾನದಿಂದ ಕೇಳಿದರು, "ಮುಂದಿನ ವಾರ ಅಂದರೆ ಬರುವ ವಾರ ತಾನೇ, ಅಮ್ಮ?"

"ವಾರದ್ದಲ್ರೀ ಸಾಯೇಬ್ರ, ಭೋಂಗಾದ್ದು."

ಕೋರ್ಟು ನಕ್ಕಿತು. ಆ ನಗು ನನಗೆ ಈಗಲೂ ಕೇಳಿಸುತ್ತದೆ. ಒಬ್ಬ ಹುಡುಗಿ ಎಲ್ಲಿ ಹೋದಳೆಂದು ಕೇಳಲು ಸೇರಿದ್ದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂಲೆಯಲ್ಲಿ ಕೂತಿದ್ದ ಶೇವಂತಿಯ ಅಪ್ಪ ಎಲ್ಲರ ಮುಖ ನೋಡಿ, ಏನೋ ಒಳ್ಳೆಯದಾಯಿತು ಎಂದುಕೊಂಡು ತಾನೂ ಸ್ವಲ್ಪ ನಕ್ಕ.

ವಕೀಲ ಬಿಡಲಿಲ್ಲ. "ಶೇವಂತಿಗೆ ನಿನ್ನ ಹೆಣ ಎತ್ತಲಿ ಎಂದು ನೀವು ದಿನವೂ ಶಪಿಸುತ್ತಿದ್ದಿರಿ. ಸತ್ಯವೇ?"

"ಬೈತಿದ್ದೆ. ನಿನಗೂ ಬೈತೇನಿ ಬೇಕಾದ್ರ."

ನ್ಯಾಯಾಧೀಶರು ಮೇಜು ಬಡಿದು ಎಚ್ಚರಿಕೆ ಕೊಟ್ಟರು. ಹಗೆ ಇದ್ದ ಸಾಕ್ಷಿ ಎಂದು ವಕೀಲ ಬರೆಸಿದ. ಆಮೇಲೆ ಶೇವಂತಿ ಯಾರ ಜೊತೆಗೋ ಕ್ಯಾಸಲ್‌ರಾಕ್ ದಾಟಿ ಗೋವಾಕ್ಕೆ ಹೋಗಿರಬಹುದು ಎಂದ. ಗೋವಾ ಆಗ ಪರಂಗಿಯವರ ಕೈಯಲ್ಲಿತ್ತು, ಯಾರೂ ಹೋಗಿ ಕೇಳುವ ಹಾಗಿರಲಿಲ್ಲ. ಕೋಳಿ ಗೂಡಿಗೆ ಹೋಗದೆ ತಾನು ಒಳಗೆ ಹೋಗದ ಹುಡುಗಿಯ ಬಗ್ಗೆ ಆ ಮಾತು ಆಡಿದ.

ಮಧ್ಯಾಹ್ನ ಬಿಟ್ಟಾಗ ಹೊರಗಿನ ಚಹಾದ ಅಂಗಡಿಯ ಮುಂದೆ ನಾವು ನಿಂತಿದ್ದೆವು. ವಕೀಲನೂ ಬಂದು ಚಹಾ ತೆಗೆದುಕೊಂಡು ತನ್ನ ಗುಮಾಸ್ತನಿಗೆ ಹೇಳಿದ: "ಊಟಾ ಮಾಡೂಮುಂದ ನೆನಪ ಮಾಡಪಾ, ಗುಳಿಗಿ ತಗೋಬೇಕು."

ಕಾಕೂ ತಿರುಗಿದಳು. ನಾನು ಆಕೆಯ ಸೆರಗು ಹಿಡಿಯುವುದರೊಳಗೆ ಅವನ ಮುಂದೆ ಹೋಗಿ ನಿಂತಿದ್ದಳು.

"ಈಗೇನಂದಿ, ವಕೀಲಪ್ಪಾ?"

"ಏನಂದೆ?"

"ಗುಳಿಗಿ ಊಟ ಆದ ಮ್ಯಾಲೆ ತಗೋತೀಯೋ, ಮೊದಲ ತಗೋತೀಯೋ?"

ಅವನಿಗೆ ಅರ್ಥವಾಯಿತು. ಸುತ್ತ ನೋಡಿದ. ನಾಚಿಕೆಪಟ್ಟುಕೊಳ್ಳುತ್ತಾನೆ ಎಂದು ನಾನು ಕಾದೆ. ಅವನು ನಕ್ಕ.

"ಮೊದಲ ತಗೋತೇನ್ರಿ ಅಕ್ಕಾರ. ನನಗ ಗೊತ್ತೈತಿ. ಒಳಗ ಕೂತಾವ್ರಿಗೆ ಗೊತ್ತಿಲ್ಲಲಾ."

ಫೌಜದಾರನಿಗೆ ತಿಳಿಯಲಿಲ್ಲ, ನ್ಯಾಯಾಧೀಶರಿಗೆ ತಿಳಿಯಲಿಲ್ಲ. ಅದು ಅಜ್ಞಾನ. ಇವನ ತಾಯಿ ಇವನಿಗೆ ಆ ಮಾತಿನಲ್ಲೇ ತುತ್ತು ಇಟ್ಟಿದ್ದಾಳೆ, ಮಲಗೂಮುಂದ ಕತೆ ಹೇಳಿದ್ದಾಳೆ. ಗೊತ್ತಿದ್ದೂ ಅದನ್ನು ತಿರುಚಿ ಒಂದು ಹೆಣ್ಣಿನ ಸಾವಿನ ಮೇಲೆ ಮುಚ್ಚಿದ.

ಕಾಕೂ ಅವನ ಕೈಯಲ್ಲಿದ್ದ ಚಹಾದ ಕಪ್ಪು ತೆಗೆದುಕೊಂಡು ಅವನ ಕೋಟಿನ ಮೇಲೆ ಸುರಿದಳು. ಕೋಟು ಕಪ್ಪಗಿತ್ತು, ಕಲೆ ಕಾಣಲಿಲ್ಲ. ಅಂಥವರ ಅದೃಷ್ಟವೇ ಹಾಗೆ.

ಮುಕಾದಮನನ್ನು ಬಿಟ್ಟರು. ದೊಡ್ಡ ಕೋರ್ಟಿಗೆ ಹೋಗುವಷ್ಟು ಸಾಕ್ಷ್ಯವೇ ಇಲ್ಲವೆಂದರು. ಅವನು ಚಾಳಿಗೆ ಬಂದ ದಿನ ಗಂಡಸರು ಹೋಗಿ ಮಾತಾಡಿಸಿದರು. ಸ್ವಲ್ಪ ದಿನಕ್ಕೆ ಬೇರೆ ಊರಿನ ಮಿಲ್ಲು ಸೇರಿದ, ಮತ್ತೆ ಮದುವೆಯಾದ, ಮಕ್ಕಳಾದವಂತೆ. ಶೇವಂತಿಯ ಅಪ್ಪ ಒಂದೆರಡು ಸಲ ಬಂದು ಕಾಕೂನ ಕಟ್ಟೆಯ ಮೇಲೆ ಕೂತು ಹೋದ. ಆಮೇಲೆ ಬರಲಿಲ್ಲ. ಅವರ ಊರು ಈಗ ಸೂಪಾ ಆಣೆಕಟ್ಟಿನ ನೀರಿನಡಿಗೆ ಇದೆ. ಶೇವಂತಿ ತವರಿಗೆ ಹೋಗಿದ್ದಾಳೆ ಎಂದು ಯಾರಾದರೂ ಇನ್ನೂ ನಂಬಿದ್ದರೆ, ಹೋಗಿ ನೋಡಲು ಆ ತವರೂ ಇಲ್ಲ. ಕಾಕೂ ಮಾತ್ರ ಆಮೇಲೆ ಯಾರಿಗೂ ನಿನ್ನ ಹೆಣಾ ಎತ್ತಲಿ ಎಂದು ಬೈಯಲಿಲ್ಲ. "ಎತ್ತಾಕ ಸಿಗಬೇಕಲಾ ಮೊದಲ," ಎಂದಿದ್ದಳು ಒಮ್ಮೆ.

ಅಲ್ಲಿಗೆ ಆಕೆ ಸುಮ್ಮನಾದಳು ಎಂದುಕೊಂಡರೆ ನಿಮಗೆ ಕಾಕೂ ಗೊತ್ತಿಲ್ಲ. ಠಾಣೆಗೆ ಹೊಸ ಫೌಜದಾರ ಬಂದನೆಂದು ಸುದ್ದಿ ಬಂದರೆ ಸಾಕು, ಸೆರಗು ಸಿಕ್ಕಿಸಿ ಹೊರಡುತ್ತಿದ್ದಳು. ಆಕೆಯದು ಒಂದೇ ಪರೀಕ್ಷೆ.

"ಸಾಯೇಬ್ರ, ಊಟಾ ಮಾಡೂಮುಂದ ಕೈ ತೊಳಕೋತೀರಿ?"

ಒಬ್ಬ ಹೇಳಿದನಂತೆ, "ಹೌದಮ್ಮ, ಊಟ ಆದ ಮೇಲೆ ತೊಳೀಲೇಬೇಕಲ್ಲ." ಕಾಕೂ ತಿರುಗಿ ಬಂದು ಕಟ್ಟೆಯ ಮೇಲೆ ಕೂತು, "ನಪಾಸ," ಎಂದಳು. ಇನ್ನೊಬ್ಬ ಹುಚ್ಚಿ ಎಂದು ಹೊರಗೆ ಕಳಿಸಿದ. ಅವನೂ ನಪಾಸು. ನಾವು ನಗುತ್ತಿದ್ದೆವು, ಆಕೆಯೂ ನಗುತ್ತಿದ್ದಳು, ಆದರೆ ಮುಂದಿನವನು ಬರುವುದನ್ನು ಕಾಯುತ್ತಿದ್ದಳು.

ಕೊನೆಗೊಬ್ಬ ಹುಬ್ಬಳ್ಳಿಯ ಕಡೆಯವನು ಬಂದ. ಅವತ್ತು ನಾನೂ ಜೊತೆಗಿದ್ದೆ. ಅವನು ಪ್ರಶ್ನೆ ಕೇಳಿ, "ಹೌದ್ರೀ ಅವ್ವಾರ, ತೊಳದ ಊಟಕ್ಕ ಕೂಡ್ತೇನಿ," ಎಂದ. ಕಾಕೂ ಕುರ್ಚಿಯ ಮೇಲೆ ಕೂತಳು. ಎಲ್ಲ ಹೇಳಿದಳು. ಅವನು ಹಳೆಯ ಕಾಗದ ತರಿಸಿ ಓದಿದ, ತದನಂತರದ ಮೇಲೆ ಬೆರಳಿಟ್ಟ.

"ತಿಳೀತ್ರಿ. ಭೋಂಗಾ ಆಗೂಮುಂದ ಅಂದ್ರ ಅಂವ ಮನ್ಯಾಗ ಇದ್ದ."

"ಇದ್ದ."

"ಆದ್ರ ಅವ್ವಾರ, ಕೇಸ ತಗೀಬೇಕಂದ್ರ ಹೊಸಾ ಸಾಕ್ಷಿ ಬೇಕ್ರಿ."

"ಸಾಕ್ಷಿ ಹಳೇದ ಐತಿ, ಸಾಯೇಬ್ರ. ನಿಮ್ಮ ಕನ್ನಡ ಹೊಸಾದು."

ಅವನು ಎದ್ದು ನಿಂತು ಬಾಗಿಲವರೆಗೆ ಬಂದು ಕಳಿಸಿಕೊಟ್ಟ. ಅಷ್ಟು ಮಾಡಿದ. ಅದಕ್ಕಿಂತ ಹೆಚ್ಚಿನದು ಅವನ ಕೈಯಲ್ಲಿರಲಿಲ್ಲ. ಆಮೇಲೆ ಕಾಕೂ ಠಾಣೆಗೆ ಹೋಗಲಿಲ್ಲ.

ಹೋದ ದೀಪಾವಳಿಯಲ್ಲಿ ಹಳಿಯಾಳದಲ್ಲಿ ಮೊಮ್ಮಗನ ಮನೆಯಲ್ಲಿದ್ದ ಕಾಕೂನನ್ನು ನೋಡಲು ಹೋಗಿದ್ದೆ. ಬಾಯಲ್ಲಿ ಹಲ್ಲಿಲ್ಲ, ಕಣ್ಣು ಮಸುಕು. ನನ್ನ ಕೈ ಸವರಿ ನೋಡಿ, "ಸಾಂಬ್ರಾಣಿ," ಎಂದಳು. ನಾನು ಫೋನಿನಲ್ಲಿ ಬರೆಯಲು ಕಲಿಯುತ್ತಿದ್ದೇನೆ ಎಂದೆ.

"ಅದರಾಗ ಬರದ್ರ ಯಾರು ಓದ್ತಾರ?"

"ಎಲ್ಲಾರೂ ಓದ್ತಾರ್ರಿ."

"ಕೋರ್ಟನಾವ್ರೂ?"

"ಅವರ ಹತ್ತರನೂ ಫೋನ ಇರ್ತಾವಲ್ರೀ."

"ಹಂಗಾರ ಬರಿ. ನಾ ಹೇಳಿಧಂಗ ಬರಿ. ಭೋಂಗಾ ಆಗೂಮುಂದ ಶೇವಂತಿ..."

ನಾನು ಒತ್ತಿದೆ. ಓದು ಎಂದಳು, ಓದಿದೆ. ನನ್ನ ಬೆರಳು ಮುಂದ ಎಂದು ಒತ್ತಿದ್ದನ್ನು ಈ ಫೋನು ಮುಂದೆ ಎಂದು ತಿದ್ದಿತ್ತು. ನಾನು ಇದ್ದದ್ದನ್ನು ಇದ್ದ ಹಾಗೇ ಓದಿದೆ. ಕಣ್ಣು ಕಾಣದಿದ್ದರೂ ಕಿವಿ ಹಾಗೆಯೇ ಇತ್ತು. ಚರ್ಮ ಜೋತ ಎಡ ಅಂಗೈಯ ಮೇಲೆ ಬಲಗೈ ಬಿತ್ತು.

"ನಾ ಹಂಗ ಅಂದಿಲ್ಲ."

ಮತ್ತೆ ಒತ್ತಿದೆ. ಮತ್ತೆ ತಿದ್ದಿತು. ಅದನ್ನು ಸುಮ್ಮನಿರಿಸುವುದು ಆಗ ನನಗೆ ಬರುತ್ತಿರಲಿಲ್ಲ. ಈಗ ಮೊಮ್ಮಗಳು ತೋರಿಸಿಕೊಟ್ಟಿದ್ದಾಳೆ. ಅದು ತಿದ್ದಿದ ಮೇಲೆ ಹಿಂದಕ್ಕೆ ಹೋಗಿ ಅಳಿಸಬೇಕು, ಇನ್ನೊಮ್ಮೆ ಒತ್ತಬೇಕು, ಅದು ಸೋಲುವವರೆಗೆ ಒತ್ತಬೇಕು. ಬಹಳ ಸಲ ಅಳಿಸಿದೆ. ಈಗ ಸೋತಿದೆ.

ಆ ಶಾಂತ ಸ್ವಭಾವದ ಫೋಟೋದ ಕೆಳಗೇ ಇದನ್ನು ಹಾಕುತ್ತಿದ್ದೇನೆ. ಕೈ ಮುಗಿಯುವವರು ಆಮೇಲೆ ಮುಗಿಯಲಿ, ಮೊದಲು ಓದಲಿ. ಇದು ಕಾಕೂನ ಜಬಾನಿ, ಆಕೆ ಹೇಳಿದ ಹಾಗೆ:

ಭೋಂಗಾ ಆಗೂಮುಂದ ಶೇವಂತಿ ಗ್ವಾಡಿ ಹತ್ರ ಬಂದು ಹೆಪ್ಪು ಇಸಗೊಂಡ್ಲು. ಒಳಗ ಹೋದ್ಲು. ಅಂವ ಮನ್ಯಾಗ ಇದ್ದ. ಏನೋ ಧಡ್ ಅಂತು. ಆಮ್ಯಾಲೆ ಭೋಂಗಾ ಆತು. ಅದು ನಿಂತ ಮ್ಯಾಲೆ ಅಂವ ಒಬ್ಬನ ಹೊರಗ ಬಂದು ಬಾಗಲಾ ಮುಂದ ಮಾಡಿಕೊಂಡು ಹೋದ. ಹಾಲಿಗೆ ಹೆಪ್ಪು ಬೀಳಲಿಲ್ಲ.